ಇಸ್ತಾಂಬುಲ್‌ನಲ್ಲಿ ಒಂದು ಶುಕ್ರವಾರ, ಒಬ್ರೇ: ಎಲ್ಲಿಂದ ಶುರು ಮಾಡೋದು, ಏನು ಬಿಡೋದು

ಪ್ರಶ್ನೆ: ಮೇ ತಿಂಗಳಲ್ಲಿ ಯುರೋಪಲ್ಲಿರೋ ಮಗಳ ಮನೆಗೆ ಹೋಗ್ತಿದೀನಿ. ದಾರೀಲಿ ಶುಕ್ರವಾರ ಬೆಳಿಗ್ಗೆ 6ಕ್ಕೆ ಇಸ್ತಾಂಬುಲ್‌ನಲ್ಲಿ ಇಳೀತೀನಿ, ಮುಂದಿನ ವಿಮಾನ ಶನಿವಾರ ಬೆಳಗಿನ ಜಾವ. ಏರ್‌ಪೋರ್ಟಲ್ಲೇ ಕೂರೋ ಬದ್ಲು ಊರು ನೋಡೋ ಆಸೆ ಇದೆ. ವಯಸ್ಸು 52, ಹೊರದೇಶದ ಊರಲ್ಲಿ ಒಬ್ಳೇ ಯಾವತ್ತೂ ಓಡಾಡಿಲ್ಲ. ಮಾಂಸ, ಮೀನು ತಿನ್ನಲ್ಲ, ಮೊಟ್ಟೆ ಪರವಾಗಿಲ್ಲ. ಫ್ರೆಂಡ್ ಒಬ್ರು ಹನ್ನೊಂದು ಜಾಗದ ಲಿಸ್ಟ್ ಕೊಟ್ಟಿದಾರೆ, ನೋಡಿದ್ರೇನೇ ಸುಸ್ತಾಗತ್ತೆ. ಇದು ಒಬ್ಳ ಕೈಲಿ ಆಗೋ ಕೆಲಸಾನಾ? ಸೇಫಾ? ಮನೇಲಿ ಎಲ್ರೂ ಬೇಡ ಅಂತಿದಾರೆ.

ಉತ್ತರ:

ಆಗತ್ತೆ, ಖಂಡಿತ ಹೋಗಿ. ಸುಮ್ನೆ ಧೈರ್ಯ ತುಂಬೋಕೆ ಹೇಳ್ತಿಲ್ಲ. ಒಬ್ರೇ ಪ್ರಯಾಣ ಮಾಡೋರಿಗೆ ಪ್ಲಾನ್ ಮಾಡಿಕೊಡೋದೇ ನನ್ನ ಕೆಲಸ, ಮೊದಲ ಸಲ ಒಬ್ರೇ ಓಡಾಡೋರಿಗೆ ಇಸ್ತಾಂಬುಲ್ ನಿಜವಾಗ್ಲೂ ಒಳ್ಳೇ ಊರು. ನೋಡ್ಬೇಕಾದ್ದು ಬಹಳಷ್ಟು ನಡೆಯೋ ದೂರದಲ್ಲೇ ಇದೆ, ಟ್ರಾಮು, ಮೆಟ್ರೋ, ಹಡಗು ಎಲ್ಲಕ್ಕೂ ಒಂದೇ ಕಾರ್ಡು, ರಸ್ತೆ ತುಂಬ ಹಗಲೆಲ್ಲಾ ಜನ ಇರ್ತಾರೆ. ಆದ್ರೆ ಆ ಹನ್ನೊಂದು ಜಾಗದ ಲಿಸ್ಟ್ ಪಕ್ಕಕ್ಕಿಡಿ. ಅದ್ರಲ್ಲಿರೋ ಜಾಗಗಳು ಕೆಟ್ಟವಲ್ಲ, ಆದ್ರೆ ಒಬ್ರೇ ಇರೋ ಒಂದೇ ದಿನಾನ ಜಾಗಗಳಿಂದ ಶುರು ಮಾಡಿದ್ರೆ ಎಡವಟ್ಟಾಗತ್ತೆ, ಆ ಊರು ಆ ದಿನ ಯಾವ ಹೊತ್ತಿಗೆ ಏನು ತೆಗ್ಯತ್ತೆ ಏನು ಮುಚ್ಚತ್ತೆ ಅನ್ನೋದ್ರಿಂದ ಶುರು ಮಾಡ್ಬೇಕು. ನಿಮ್ಮ ಪ್ರಶ್ನೇಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು ಶುಕ್ರವಾರ ಅನ್ನೋ ಪದ.

ಯಾಕಂದ್ರೆ ಶುಕ್ರವಾರ ಮಧ್ಯಾಹ್ನದ ನಮಾಜು ವಾರದ ದೊಡ್ಡ ನಮಾಜು. ಬ್ಲೂ ಮಾಸ್ಕ್ ಅನ್ನೋ ದೊಡ್ಡ ಮಸೀದಿ ಶುಕ್ರವಾರ ಬೆಳಗ್ಗೆ ಟೂರಿಸ್ಟ್‌ಗಳಿಗೆ ಸಿಗೋದೇ ಇಲ್ಲ ಅಂತ ಇಟ್ಕೊಳ್ಳಿ, ಒಂದು ಕಾಲದಲ್ಲಿ ಚರ್ಚ್ ಆಗಿದ್ದು ಈಗ ಮಸೀದಿ ಆಗಿರೋ ಹಗಿಯಾ ಸೋಫಿಯಾನೂ ಮಧ್ಯಾಹ್ನ ಮುಚ್ಚಿರತ್ತೆ, ಎರಡೂ ಸುಮಾರು ಎರಡೂವರೆ ಆದ್ಮೇಲೇನೆ ಸರಿಯಾಗಿ ಸಿಗೋದು. ಎಲ್ರೂ ಮಾಡೋ ಥರ ಬೆಳಿಗ್ಗೆ ಒಂಬತ್ತಕ್ಕೆ ಇವೆರಡೂ ಇರೋ ಸುಲ್ತಾನಹ್ಮೆತ್‌ಗೆ ಓಡಿದ್ರೆ ಒಂದು ಬಾಗಿಲು ಮುಚ್ಚಿರತ್ತೆ, ಇನ್ನೊಂದರ ಮುಂದೆ ಉದ್ದ ಕ್ಯೂ, ಅಷ್ಟೊತ್ತಿಗೆ ಬಿಸಿಲೂ ಏರಿರತ್ತೆ, ಕಾರ್ಪೆಟ್ ಅಂಗಡಿಯವರು ಮಾತಾಡಿಸ್ತಾ ಹಿಂದೆ ಬೀಳ್ತಾರೆ. ಅದಕ್ಕೇ ನಿಮ್ಮ ದಿನಾನ ತಿರುಗಿಸಿ ಹಾಕ್ಕೊಳ್ಳಿ: ಬೆಳಿಗ್ಗೆ ಗುಡ್ಡ, ಇಳಿಜಾರು, ಹಡಗು, ಊಟ, ಮಧ್ಯಾಹ್ನದ ಮೇಲೆ ದೊಡ್ಡ ಕಟ್ಟಡಗಳು. ಬೇರೆ ವಾರ ಹೋಗೋರಿಗೂ ಒಂದು ಮಾತು, ಟೋಪ್‌ಕಾಪಿ ಅರಮನೆ ಮಂಗಳವಾರ ರಜ, ಗ್ರ್ಯಾಂಡ್ ಬಜಾರ್ ಭಾನುವಾರ ರಜ.

ಮೊದಲು ಕಾಗದ ಪತ್ರ ಮುಗಿಸೋಣ. ಮಾಮೂಲಿ ಇಂಡಿಯನ್ ಪಾಸ್‌ಪೋರ್ಟ್ ಇರೋರಿಗೆ ಏರ್‌ಪೋರ್ಟ್ ಬಿಟ್ಟು ಆಚೆ ಬರೋಕೆ ಟರ್ಕಿ ವೀಸಾ ಬೇಕು. ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್ ವೀಸಾ ಇದ್ರೆ ಆನ್‌ಲೈನಲ್ಲೇ ಇ-ವೀಸಾ ಸಿಗತ್ತೆ. ಆದ್ರೆ ಆ ವೀಸಾ ನೀವು ಟರ್ಕಿ ಒಳಗೆ ಕಾಲಿಡೋ ದಿನ ಚಾಲ್ತೀಲಿ ಇರ್ಬೇಕು. ನಿಮ್ಮ ವಿಷ್ಯದಲ್ಲಿ ಇದನ್ನ ಈಗ್ಲೇ ನೋಡ್ಬೇಕು, ಯುರೋಪ್ ತಲುಪೋದು ಶನಿವಾರ ಅಂತ ಷೆಂಗೆನ್ ವೀಸಾ ಶನಿವಾರದಿಂದ ಕೊಟ್ಟಿದ್ರೆ ಶುಕ್ರವಾರ ಅದು ಲೆಕ್ಕಕ್ಕೆ ಬರಲ್ಲ. ಸರ್ಕಾರದ ಸೈಟಿನ ಹಾಗೇ ಕಾಣೋ, ಜಾಸ್ತಿ ದುಡ್ಡು ತಗೊಳ್ಳೋ ಏಜೆಂಟ್ ಸೈಟ್‌ಗಳು ತುಂಬಾ ಇವೆ, ಟರ್ಕಿ ವಿದೇಶಾಂಗ ಸಚಿವಾಲಯದ್ದೇ ಸೈಟ್ ಹುಡುಕಿ ಅದ್ರಲ್ಲೇ ತಗೊಳ್ಳಿ. ದೊಡ್ಡ ಸೂಟ್‌ಕೇಸ್ ಸೀದಾ ಕೊನೇ ಊರಿಗೆ ಹೋಗತ್ತಾ ಅಂತ ಹೊರಡುವಾಗ ಚೆಕ್ಇನ್ ಕೌಂಟರಲ್ಲೇ ಕೇಳ್ಕೊಳ್ಳಿ, ಕ್ಯಾಬಿನ್ ಬ್ಯಾಗನ್ನ ಏರ್‌ಪೋರ್ಟಿನ ಲಗೇಜ್ ಇಡೋ ಜಾಗದಲ್ಲಿ ಕೊಟ್ಟುಬಿಡಿ. ಒಬ್ರೇ ಇರೋವಾಗ ಬ್ಯಾಗ್ ನೋಡ್ಕೊಳ್ಳಿ ಅಂತ ಹೇಳೋಕೆ ಪಕ್ಕದಲ್ಲಿ ಯಾರೂ ಇರಲ್ಲ, ಟಾಯ್ಲೆಟ್ಟಿಗೂ ಎಲ್ಲಾ ಹೊತ್ಕೊಂಡೇ ಹೋಗ್ಬೇಕು, ಹಾಗಾಗಿ ಹೆಗಲಿಗೆ ಅಡ್ಡ ಹಾಕ್ಕೊಳ್ಳೋ ಒಂದೇ ಚಿಕ್ಕ ಚೀಲ ಸಾಕು. ಅದ್ರಲ್ಲಿ ತಲೆಗೆ ಹೊದೆಯೋಕೆ ಒಂದು ದುಪ್ಪಟ್ಟ, ಮಸೀದೀಲಿ ಬಿಚ್ಚಿದ ಶೂ ಇಟ್ಕೊಳ್ಳೋಕೆ ಒಂದು ಕವರ್, ಪವರ್ ಬ್ಯಾಂಕ್, ನೀರು. ಪಾಸ್‌ಪೋರ್ಟ್ ಒಳಗಿನ ಜೇಬಲ್ಲಿ, ಅದರ ಫೋಟೋ ಫೋನಲ್ಲೂ ಇರ್ಲಿ, ಮಗಳ ಹತ್ರಾನೂ ಇರ್ಲಿ.

ಏರ್‌ಪೋರ್ಟಿಂದ ಊರಿಗೆ ಮೆಟ್ರೋಲೇ ಹೋಗಿ. ಹೊಸ ಏರ್‌ಪೋರ್ಟ್ ಊರಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ಆಗತ್ತೆ, 2023ರಲ್ಲಿ ಅಲ್ಲಿಗೆ ಎಂ11 ಮೆಟ್ರೋ ಬಂತು. ಅದ್ರಲ್ಲಿ ಗೈರೆತ್ತೆಪೆವರೆಗೂ ಹೋಗಿ, ಅಲ್ಲಿ ಯೆನಿಕಾಪಿ ಕಡೆ ಹೋಗೋ ಎಂ2 ಹತ್ತಿ, ವೆಜ್ನೆಜಿಲೆರ್ ಸ್ಟೇಷನಲ್ಲಿ ಇಳೀರಿ. ಎಂ11 ನಮ್ಮೂರ ಮೆಟ್ರೋ ಥರ ಐದೈದು ನಿಮಿಷಕ್ಕೆ ಬರಲ್ಲ, ಸ್ಟೇಷನ್ನೂ ಟರ್ಮಿನಲ್ಲಿಂದ ಸ್ವಲ್ಪ ನಡಿಗೆ ದೂರ ಇದೆ, ಒಟ್ಟು ಒಂದೂವರೆ ಗಂಟೆ ಇಟ್ಕೊಳ್ಳಿ. ಸ್ಟೇಷನ್ ಮೆಷಿನ್ನಲ್ಲೇ ಇಸ್ತಾಂಬುಲ್‌ಕಾರ್ಟ್ ಅಂತ ಕಾರ್ಡ್ ಸಿಗತ್ತೆ, ಅದಕ್ಕೆ ಒಂದಿಷ್ಟು ಲಿರಾ ತುಂಬಿಸ್ಕೊಂಡ್ರೆ ಇಡೀ ದಿನ ಮೆಟ್ರೋ ಟ್ರಾಮ್ ಹಡಗು ಎಲ್ಲಕ್ಕೂ ಅದೇ. ಎಂ2 ರೈಲು ಷಿಶಾನೆ ಆದ್ಮೇಲೆ ಸುರಂಗದಿಂದ ಆಚೆ ಬಂದು ಗೋಲ್ಡನ್ ಹಾರ್ನ್ ನೀರಿನ ಮೇಲಿರೋ ಸೇತುವೆ ಮೇಲೆ ಹೋಗತ್ತೆ, ಆಗ ಫೋನ್ ಕೆಳಗಿಟ್ಟು ಕಿಟಕಿ ಆಚೆ ನೋಡಿ, ಎದುರಿಗಿರೋ ಗುಡ್ಡದ ಮೇಲೆ ಒಂದು ದೊಡ್ಡ ಬೂದುಬಣ್ಣದ ಗುಮ್ಮಟ ಕಾಣತ್ತಲ್ಲ, ಈಗ ನೀವು ಹೋಗ್ತಿರೋದು ಅಲ್ಲಿಗೇ.

ಅದು ಸುಲೇಮಾನಿಯೆ ಮಸೀದಿ. ಮಿಮಾರ್ ಸಿನಾನ್ ಅನ್ನೋ ವಾಸ್ತುಶಿಲ್ಪಿ 1550ರಿಂದ 1557ರ ಒಳಗೆ ಸುಲ್ತಾನ್ ಸುಲೇಮಾನ್‌ಗೋಸ್ಕರ ಕಟ್ಟಿದ್ದು. ವೆಜ್ನೆಜಿಲೆರ್‌ನಿಂದ ಹತ್ತು ನಿಮಿಷದ ನಡಿಗೆ, ಟಿಕೆಟ್ ಇಲ್ಲ. ಶುಕ್ರವಾರ ಆದ್ರಿಂದ ಒಳಗಿನ ಪ್ರಾರ್ಥನಾ ಹಾಲ್ ಬೆಳಿಗ್ಗೆ ಸಿಗ್ಲಿಲ್ಲ ಅಂದ್ರೂ ಬೇಜಾರಾಗ್ಬೇಡಿ, ನಾನು ನಿಮ್ಮನ್ನ ಅಲ್ಲಿಗೆ ಕಳಿಸ್ತಿರೋದು ಹಿಂದುಗಡೆ ಇರೋ ಕಟ್ಟೆಗೆ. ಮಸೀದಿ ಬಳಸ್ಕೊಂಡು ಹಿಂದಕ್ಕೆ ಹೋದ್ರೆ ಒಂದು ಉದ್ದನೆ ಕಲ್ಲಿನ ಗೋಡೆ, ಅದರ ಕೆಳಗೆ ಹಳೇ ಮದರಸಾದ ಸಣ್ಣ ಸಣ್ಣ ಗುಮ್ಮಟಗಳು, ಹೊಗೆ ಹೋಗೋ ಚಿಮಣಿಗಳು ಸಾಲಾಗಿ, ಅದರಾಚೆ ಗೋಲ್ಡನ್ ಹಾರ್ನ್, ಗಲಾಟಾ ಗೋಪುರ, ಬಲಗಡೆ ಬಾಸ್ಫರಸ್ ಜಲಸಂಧಿ, ಅದರಾಚೆ ಏಷ್ಯಾ. ಇಡೀ ದಿನ ನೀವು ಓಡಾಡೋ ಊರು ಅಲ್ಲೇ ಒಂದೇ ನೋಟಕ್ಕೆ ಕಾಣತ್ತೆ. ಯಾವ ಊರಲ್ಲೇ ಆಗ್ಲಿ ಒಬ್ರೇ ಇರುವಾಗ ಮೊದಲ ಗಂಟೇಲಿ ಒಂದು ಎತ್ತರದ ಜಾಗಕ್ಕೆ ಹೋಗಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಯಾಕಂದ್ರೆ ಒಬ್ರೇ ಇರೋವಾಗ ಬಹಳಷ್ಟು ಹೆದರಿಕೆ ದಿಕ್ಕು ತಪ್ಪೋ ಹೆದರಿಕೆ, ನೀರು ಎಲ್ಲಿದೆ ಗುಡ್ಡ ಎಲ್ಲಿದೆ ಅಂತ ಕಣ್ಣಾರೆ ನೋಡ್ಕೊಂಡ್ರೆ ಆಮೇಲೆ ಮ್ಯಾಪ್ ಕೈಕೊಟ್ರೂ ಗಾಬರಿ ಆಗಲ್ಲ. ಅಲ್ಲೇ ಕೂತು ದಾರೀಲಿ ತಗೊಂಡಿರೋ ಸಿಮಿತ್ ತಿನ್ನಿ, ಅದು ಎಳ್ಳು ಮೆತ್ತಿರೋ ಬಳೆ ಆಕಾರದ ಬ್ರೆಡ್ಡು, ತಳ್ಳುಗಾಡೀಲಿ ಎಲ್ಲಾ ಕಡೆ ಮಾರ್ತಾರೆ, ಹೊರಗೆ ಗರಿಗರಿ ಒಳಗೆ ಮೆತ್ತಗೆ. ಮಸೀದಿ ಪಕ್ಕದ ಸ್ಮಶಾನದಲ್ಲಿ ಸುಲೇಮಾನ್‌ದೂ ಅವನ ಹೆಂಡತಿ ಹುರ್ರೆಮ್‌ದೂ ಗೋರಿ ಇವೆ. ಕಟ್ಟಿದ ಸಿನಾನ್‌ನ ಗೋರಿ ಆಚೆ ಬೀದಿ ಮೂಲೇಲಿ ಚಿಕ್ಕದಾಗಿ ಇದೆ, ಬಹಳ ಜನ ನೋಡದೇ ಹೋಗ್ತಾರೆ.

ಅಲ್ಲಿಂದ ಎಮಿನೋನು ದಕ್ಕೆವರೆಗೂ ಪೂರ್ತಿ ಇಳಿಜಾರು. ಇದಕ್ಕೇ ಗುಡ್ಡದ ಮೇಲಿಂದ ಶುರು ಮಾಡ್ಸಿದ್ದು, 52ರ ಮಂಡಿಗೆ ಹತ್ತೋದು ತಪ್ಪತ್ತೆ. ಆದ್ರೆ ಕಲ್ಲು ಹಾಸಿರೋ ಬೀದಿಗಳು ನುಣುಪಾಗಿರತ್ತೆ, ಮಳೆ ಬಂದ್ರೆ ಜಾರತ್ತೆ, ಗ್ರಿಪ್ ಇರೋ ಶೂಸೇ ಹಾಕ್ಕೊಳ್ಳಿ. ಉಜುನ್ ಚಾರ್ಶಿ ಅಂತ ಒಂದು ಬೀದಿ ಇದೆ, ಮ್ಯಾಪಲ್ಲಿ ಹಾಕ್ಕೊಂಡು ಅದ್ರಲ್ಲೇ ಇಳೀರಿ, ಪಾತ್ರೆ, ಮರದ ಸಾಮಾನು, ಹಗ್ಗ, ಚೀಲ ಮಾರೋ ಅಂಗಡಿಗಳು, ಸಾಮಾನು ಕೊಳ್ಳೋಕೆ ಬರೋದು ಆ ಊರಿನ ಜನಾನೇ. ಅಲ್ಲಿ ನಿಮ್ಮನ್ನ ಯಾರೂ ಕರೆಯಲ್ಲ. ಬೀದಿ ಕೊನೇಲಿ ಅಂಗಡಿಗಳ ಮೇಲೆ, ಮೆಟ್ಟಿಲು ಹತ್ತಿ ಹೋಗೋ ರುಸ್ತೆಮ್ ಪಾಷಾ ಮಸೀದಿ ಇದೆ, ಇದೂ ಸಿನಾನ್ ಕಟ್ಟಿದ್ದು, ಚಿಕ್ಕದು, ಒಳಗೋಡೆ ತುಂಬಾ ಇಜ್ನಿಕ್ ಅನ್ನೋ ಊರಿನ ಹೂವಿನ ಚಿತ್ರದ ಟೈಲ್ಸು. ತೆಗೆದಿದ್ರೆ ಹತ್ತು ನಿಮಿಷ ಹೋಗಿ ಬನ್ನಿ, ಮುಚ್ಚಿದ್ರೆ ಮೊಗಸಾಲೆ ಗೋಡೆ ಮೇಲೂ ಟೈಲ್ಸ್ ಇವೆ, ಅದನ್ನ ಹತ್ರದಿಂದ ನೋಡಿ, ಟ್ಯುಲಿಪ್ ಹೂವು ಕೆಂಪು ಬಣ್ಣದ್ದು ಬೆರಳಿಟ್ರೆ ತಗಲೋ ಹಾಗೆ ಸ್ವಲ್ಪ ಉಬ್ಬಿಕೊಂಡಿರತ್ತೆ. ಮುಟ್ಬೇಡಿ, ಪಕ್ಕದಿಂದ ಓರೆಯಾಗಿ ನೋಡಿದ್ರೆ ಗೊತ್ತಾಗತ್ತೆ.

ಆಮೇಲೆ ಹಡಗು. ನಿಮ್ಮ ದಿನದಲ್ಲಿ ಏನೇ ಬಿಟ್ರೂ ಇದನ್ನ ಬಿಡ್ಬೇಡಿ. ದಕ್ಕೇಲಿ ಬಾಸ್ಫರಸ್ ಟೂರ್, ಬಾಸ್ಫರಸ್ ಟೂರ್ ಅಂತ ಕೂಗ್ತಿರ್ತಾರೆ, ಅದಲ್ಲ. ಊರಿನ ಜನ ಆಫೀಸಿಗೆ ಹೋಗೋ ಮಾಮೂಲಿ ಕಡಿಕೊಯ್ ಫೆರ್ರಿ, ಕಾರ್ಡ್ ಟ್ಯಾಪ್ ಮಾಡಿ ಹತ್ತೋದಷ್ಟೇ, ಸುಮಾರು 20-25 ನಿಮಿಷದಲ್ಲಿ ಯುರೋಪಿಂದ ಏಷ್ಯಾಕ್ಕೆ. ಹೋಗುವಾಗ ಬಲಗಡೆ, ಹೊರಗಿನ ಬೆಂಚಲ್ಲಿ ಕೂರಿ. ಹಡಗು ದಕ್ಕೆ ಬಿಟ್ಟು ತಿರುಗಿದ ತಕ್ಷಣ ಬಲಕ್ಕೆ ಟೋಪ್‌ಕಾಪಿ ಅರಮನೆ ಮರಗಳ ಮಧ್ಯ ಕಾಣತ್ತೆ, ಅದಾದ್ಮೇಲೆ ಹಗಿಯಾ ಸೋಫಿಯಾ, ಅದರ ಹಿಂದೆ ಬ್ಲೂ ಮಾಸ್ಕಿನ ಆರು ಮಿನಾರುಗಳು ಒಂದಾದ್ಮೇಲೊಂದು ಸರಿದು ಬರ್ತವೆ. ಒಳಗಿಂದ ಒಬ್ರು ಟ್ರೇ ಹಿಡ್ಕೊಂಡು ಚಾಯ್ ಚಾಯ್ ಅಂತ ಬರ್ತಾರೆ, ನಡು ಸಣ್ಣಗಿರೋ ಚಿಕ್ಕ ಗಾಜಿನ ಲೋಟ, ಹಾಲಿಲ್ಲ, ತಟ್ಟೇಲಿ ಎರಡು ಸಕ್ಕರೆ ತುಂಡು. ಲೋಟಾನ ಮೇಲ್ಗಡೆ ಅಂಚಲ್ಲಿ ಎರಡು ಬೆರಳಿಂದ ಹಿಡ್ಕೊಳ್ಳಿ, ಮಧ್ಯ ಹಿಡಿದ್ರೆ ಸುಡತ್ತೆ. ಕಡಲಹಕ್ಕಿಗಳು ಸಿಮಿತ್ ಚೂರಿಗೋಸ್ಕರ ಹಡಗಿನ ಜೊತೇನೇ ಹಾರ್ತವೆ. ಕಡಿಕೊಯ್ ಹತ್ರ ಬಂದಾಗ ಎಡಗಡೆ ನೀರಿನ ಅಂಚಲ್ಲೇ ಕೋಟೆ ಥರ ನಿಂತಿರೋದು ಹೈದರ್‌ಪಾಷಾ ಹಳೇ ರೈಲ್ವೆ ಸ್ಟೇಷನ್ನು.

ಹಡಗಿನ ಬಗ್ಗೆ ಇಷ್ಟು ಒತ್ತಿ ಹೇಳೋಕೆ ಇನ್ನೊಂದು ಕಾರಣ ಇದೆ. ಒಬ್ರೇ ಇರೋ ದಿನದಲ್ಲಿ ದೇಹಕ್ಕಿಂತ ಮೊದಲು ತಲೆ ಸುಸ್ತಾಗತ್ತೆ. ಯಾವ ಕಡೆ ಹೋಗ್ಲಿ, ಇವ್ರನ್ನ ನಂಬ್ಲಾ, ಇಲ್ಲಿ ತಿನ್ಲಾ, ಎಷ್ಟು ಕೊಡ್ಲಿ, ಪ್ರತಿಯೊಂದೂ ನೀವೇ ತೀರ್ಮಾನ ಮಾಡ್ಬೇಕು, ಬೇರೆಯವರ ಮೇಲೆ ಹಾಕೋಕಾಗಲ್ಲ. ಹಡಗಲ್ಲಿ ಏನೂ ತೀರ್ಮಾನ ಮಾಡೋಕಿಲ್ಲ. ಬಹಳ ಜನಕ್ಕೆ ಮಧ್ಯಾಹ್ನ ಹನ್ನೆರಡು ಒಂದರ ಹೊತ್ತಿಗೆ, ಅದೂ ರಾತ್ರಿಯೆಲ್ಲಾ ವಿಮಾನದಲ್ಲಿ ಬಂದಿದ್ರೆ, ಸುಮ್ಸುಮ್ನೆ ಅಳು ಬರೋ ಹಾಗಾಗತ್ತೆ, ಇಷ್ಟು ಚೆನ್ನಾಗಿರೋದನ್ನ ತೋರ್ಸೋಕೆ ಪಕ್ಕದಲ್ಲಿ ಯಾರೂ ಇಲ್ವಲ್ಲ ಅಂತ. ಅದಕ್ಕೆ ಹೆದರ್ಬೇಡಿ, ಅಯ್ಯೋ ಬರ್ಬಾರ್ದಿತ್ತು ಅಂತ ಅಂದ್ಕೊಳ್ಳೋದೂ ಬೇಡ, ಅದು ಹಸಿವು ನಿದ್ದೆ ಸೇರಿ ಆಗೋದು, ಕೂತು ಬಿಸಿಯಾಗಿ ಏನಾದ್ರೂ ತಿಂದ್ರೆ ಅರ್ಧಕ್ಕರ್ಧ ಹೋಗತ್ತೆ. ಅದಕ್ಕೇ ಊಟಾನ ಹನ್ನೆರಡಕ್ಕೇ, ಹಸಿವಾಗೋಕೆ ಮುಂಚೇನೇ ಇಟ್ಟಿದೀನಿ.

ಕಡಿಕೊಯ್ ಊಟಕ್ಕೆ ಒಳ್ಳೇ ಜಾಗ. ದಕ್ಕೆಯಿಂದ ಐದು ನಿಮಿಷ ನಡೆದ್ರೆ ಮಾರ್ಕೆಟ್ ಬೀದಿಗಳು, ಆಲಿವ್, ಚೀಸು, ಉಪ್ಪಿನಕಾಯಿ ಅಂಗಡಿಗಳು. ಮಾಂಸ ಇಲ್ದೆ ತಿನ್ನೋರಿಗೆ ಟರ್ಕಿ ಕಷ್ಟ ಅಂತ ಹೇಳ್ತಾರಲ್ಲ, ಕಬಾಬ್ ಅಂಗಡೀಲಿ ಕೂತ್ರೆ ಕಷ್ಟಾನೇ, ಎಸ್ನಾಫ್ ಲೋಕಾಂತಾಗೆ ಹೋದ್ರೆ ಅಷ್ಟು ಕಷ್ಟ ಇಲ್ಲ. ಅಂದ್ರೆ ಅಂಗಡಿ ಕೆಲಸದವರು ಮಧ್ಯಾಹ್ನ ಊಟ ಮಾಡೋ ಜಾಗ, ಮಾಡಿಟ್ಟಿರೋ ಅಡುಗೆ ಎಲ್ಲಾ ಗಾಜಿನ ಹಿಂದೆ ಕಾಣ್ತಿರತ್ತೆ, ಬೆರಳು ತೋರ್ಸಿ ಇದು ಅದು ಅಂದ್ರೆ ತಟ್ಟೆಗೆ ಹಾಕಿ ಕೊಡ್ತಾರೆ. ಒಬ್ರೇ ಕೂತು ತಿನ್ನೋರು ಅಲ್ಲಿ ಬೇಕಾದಷ್ಟು ಜನ ಇರ್ತಾರೆ, ಯಾರೂ ತಿರುಗಿ ನೋಡಲ್ಲ. ಜೈತಿನ್‌ಯಾಲಿ ಅಂತ ಕೇಳಿ, ಆಲಿವ್ ಎಣ್ಣೇಲಿ ಮಾಡಿ ತಣ್ಣಗೆ ಕೊಡೋ ತರಕಾರಿ, ಬೀನ್ಸು, ಬದನೆ, ಪಲ್ಲೆಹೂವು, ಇವಕ್ಕೆ ಸಾಮಾನ್ಯವಾಗಿ ಮಾಂಸ ಹಾಕಲ್ಲ. ಜೊತೆಗೆ ಪಿಲಾವ್, ಮೊಸರು. ಕೆಂಪು ಬೇಳೆ ಸೂಪು ಎಲ್ಲಾ ಕಡೆ ಇರತ್ತೆ, ನೋಡೋಕೆ ನಮ್ಮದೇ ಬೇಳೆ ಕಟ್ಟು ಅನ್ನಿಸತ್ತೆ, ಆದ್ರೆ ಕೆಲವು ಕಡೆ ಮೂಳೆ ಸಾರಲ್ಲಿ ಕುದಿಸಿರ್ತಾರೆ, ಬಿಳಿ ಬೀನ್ಸ್ ಗೊಜ್ಜಲ್ಲೂ ಮಾಂಸದ ಚೂರು ಇರಬಹುದು. ಎತ್‌ಸಿಜ್, ಅಂದ್ರೆ ಮಾಂಸ ಇಲ್ದೇ ಇರೋದು, ಅಂತ ಕೇಳಿ, ಎತ್ ಸುಯು, ಅಂದ್ರೆ ಮಾಂಸದ ಸಾರು, ಹಾಕಿದೀರಾ ಅಂತ ಫೋನಲ್ಲಿ ಬರೆದು ತೋರ್ಸಿ. ಮೊಟ್ಟೆ ತಿಂತೀರಲ್ಲ, ಟೊಮ್ಯಾಟೊ ಮೆಣಸಿನಕಾಯಿ ಹಾಕಿ ಮಾಡೋ ಮೆನೆಮೆನ್ ಸಿಗತ್ತೆ, ಸೊಪ್ಪು ಅಥವಾ ಚೀಸ್ ತುಂಬಿದ ಗೋಜ್ಲೆಮೆ ಸಿಗತ್ತೆ. ಪಕ್ಕದ ಬ್ರೆಡ್ಡಿಗೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ, ಆದ್ರೆ ಟೂರಿಸ್ಟ್ ಏರಿಯಾದಲ್ಲಿ ಕೇಳದೇ ತಂದಿಡೋ ಸಣ್ಣ ತಟ್ಟೆಗಳಿಗೆ ಬಿಲ್ ಹಾಕೋದುಂಟು, ಬೇಡ ಅಂದ್ರೆ ವಾಪಸ್ ಕಳ್ಸಿ.

ಟೈಮಿದ್ರೆ ಊಟ ಆದ್ಮೇಲೆ ಮೋದಾ ಸಮುದ್ರ ದಂಡೆವರೆಗೂ ನಿಧಾನಕ್ಕೆ ಹೋಗಿ ಬನ್ನಿ, ಎರಡರ ಹೊತ್ತಿಗೆ ವಾಪಸ್ ಎಮಿನೋನು ಹಡಗು ಹತ್ತಿ. ಇಳಿದು ಟಿ1 ಟ್ರಾಮಲ್ಲಿ ಸುಲ್ತಾನಹ್ಮೆತ್. ನಡೀಬಹುದು, ಆದ್ರೆ ಏರು ದಾರಿ, ಕಾಲು ಉಳಿಸ್ಕೊಳ್ಳಿ.

ಇಲ್ಲಿ ಮೂರು ಒಳಾಂಗಣ, ಒಂದು ಬಯಲು. ಮೊದಲು ಬ್ಲೂ ಮಾಸ್ಕ್, ಯಾಕಂದ್ರೆ ಮೇ ತಿಂಗಳಲ್ಲಿ ಸಾಯಂಕಾಲದ ನಮಾಜು ಐದರ ಸುಮಾರಿಗೆ, ಅದಕ್ಕೆ ಮುಂಚೇನೇ ಮತ್ತೆ ಮುಚ್ತಾರೆ. 1609ರಲ್ಲಿ ಸುಲ್ತಾನ್ ಅಹ್ಮದ್ ಶುರು ಮಾಡ್ಸಿದ್ದು, ಒಳಗೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಇಜ್ನಿಕ್ ಟೈಲ್ಸು, ಟಿಕೆಟ್ ಇಲ್ಲ, ತಲೆಗೆ ದುಪ್ಪಟ್ಟ, ಕೈಕಾಲು ಮುಚ್ಚೋ ಬಟ್ಟೆ, ಶೂ ಕವರಲ್ಲಿ ಹಾಕಿ ಕೈಲೇ ಇಟ್ಕೊಳ್ಳಿ. ಕ್ಯೂ ಉದ್ದ ಕಂಡ್ರೂ ಬೇಗ ಸಾಗತ್ತೆ. ಆಚೆ ಬಂದ್ರೆ ಪಕ್ಕದಲ್ಲೇ ಹಿಪೊಡ್ರೋಮ್ ಬಯಲು, ಇಲ್ಲಿ ಮೂರನೇ ಥುಟ್‌ಮೋಸ್ ಕಾಲದ ಈಜಿಪ್ಟಿನ ಕಲ್ಲಿನ ಕಂಬ ಇದೆ, ಥಿಯೊಡೋಸಿಯಸ್ ಚಕ್ರವರ್ತಿ ಕ್ರಿ.ಶ. 390ರಲ್ಲಿ ತಂದು ನಿಲ್ಲಿಸಿದ್ದು, ಮೂರು ಸಾವಿರ ವರ್ಷಕ್ಕಿಂತ ಹಳೇದು, ಕೆತ್ತನೆ ಇನ್ನೂ ಚೂಪಾಗಿದೆ.

ಹಗಿಯಾ ಸೋಫಿಯಾಗೆ ನಾಲ್ಕರ ಸುಮಾರಿಗೆ ಹೋಗಿ. 2020ರಲ್ಲಿ ಮತ್ತೆ ಮಸೀದಿ ಆದ್ಮೇಲೆ, 2024ರ ಜನವರಿಯಿಂದ ವಿದೇಶಿ ಟೂರಿಸ್ಟ್‌ಗಳಿಗೆ ಬೇರೆ ಬಾಗಿಲು, ಮೇಲಿನ ಗ್ಯಾಲರಿ ಮಾತ್ರ, 25 ಯೂರೋ ಟಿಕೆಟ್. ದುಬಾರಿ, ಗೊತ್ತು. ಕೆಳಗಡೆ ಬಿಡಲ್ವಂತೆ, ಮತ್ಯಾಕೆ ಹೋಗೋದು ಅಂತ ಕೆಲವರು ಕೇಳ್ತಾರೆ. ನನ್ನ ಅಭಿಪ್ರಾಯ ಏನಂದ್ರೆ ದುಡ್ಡು ಕೊಡ್ಬೇಕಾದ ಒಂದೇ ಜಾಗ ಆರಿಸ್ಕೊಳ್ಳಿ ಅಂದ್ರೆ ಇದನ್ನೇ ಆರಿಸ್ಕೊಳ್ಳಿ. 532ರಿಂದ 537, ಬರೀ ಐದು ವರ್ಷದಲ್ಲಿ ಕಟ್ಟಿದ್ದು, ಗುಮ್ಮಟದ ಅಗಲ ಸುಮಾರು 31 ಮೀಟರ್, ಅದರ ಬುಡದ ಸುತ್ತ 40 ಕಿಟಕಿಗಳು, ಬೆಳಕು ಬಿದ್ದಾಗ ಆ ಭಾರದ ಗುಮ್ಮಟ ಯಾವ ಆಧಾರಾನೂ ಇಲ್ದೆ ನಿಂತ ಹಾಗೆ ಕಾಣತ್ತೆ. ರಿಪೇರಿ ಕೆಲಸ ನಡೀತಿರೋದ್ರಿಂದ ಒಳಗೆ ಕಂಬಿ ಕಟ್ಟಿರಬಹುದು, ಅದಕ್ಕೆ ಮನಸ್ಸು ಸಿದ್ಧ ಮಾಡ್ಕೊಂಡು ಹೋಗಿ. ಮೇಲಿನ ಗ್ಯಾಲರೀಲಿ ದಕ್ಷಿಣದ ಕಡೆ ಎರಡು ವಿಷ್ಯಕ್ಕೆ ಟೈಮ್ ಕೊಡಿ. ಒಂದು, ಡೀಸಿಸ್ ಅನ್ನೋ ಮೊಸಾಯಿಕ್, ಯೇಸು, ಮೇರಿ, ಜಾನ್, ಕೆಳಗಿನ ಭಾಗ ಎಲ್ಲಾ ಉದುರಿ ಹೋಗಿದೆ, ಮುಖಗಳು ಮಾತ್ರ ಉಳಿದಿವೆ, ಹತ್ರ ಹೋದ್ರೆ ಕೆನ್ನೆ ಮೇಲಿನ ನೆರಳೂ ಸಣ್ಣ ಸಣ್ಣ ಕಲ್ಲಿನ ಚೂರು ಜೋಡಿಸಿ ಮಾಡಿದ್ದು ಅಂತ ಗೊತ್ತಾಗತ್ತೆ. ಇನ್ನೊಂದು, ಅಲ್ಲೇ ಅಮೃತಶಿಲೆ ಕಟಾಂಜನದ ಮೇಲೆ ಯಾರೋ ಗೀಚಿದ ಹಾಗಿರೋ ಗೆರೆಗಳು, ಅದು ವೈಕಿಂಗ್ ಲಿಪಿ, ಹಾಫ್‌ದಾನ್ ಅನ್ನೋ ಹೆಸರು ಮಾತ್ರ ಓದೋಕಾಗತ್ತೆ. ಸಾವಿರ ವರ್ಷಕ್ಕೂ ಹಿಂದೆ ಉತ್ತರದ ದೇಶದಿಂದ ಬಂದು, ನಿಂತಲ್ಲೇ ಹೆಸರು ಕೆತ್ತಿದ ಒಬ್ಬ ಮನುಷ್ಯ. ಗ್ರೂಪ್ ಜೊತೆ ಬಂದೋರಿಗೆ ಇಲ್ಲಿ ಅರ್ಧ ನಿಮಿಷಾನೂ ಸಿಗಲ್ಲ, ನೀವು ಬೇಕಾದಷ್ಟು ಹೊತ್ತು ನಿಂತ್ಕೋಬಹುದು.

ಕೊನೇದು ಬೆಸಿಲಿಕಾ ಸಿಸ್ಟರ್ನ್, ನೆಲದಡಿ ನೀರಿನ ತೊಟ್ಟಿ, ಇದೂ ಹಗಿಯಾ ಸೋಫಿಯಾ ಕಟ್ಟಿಸಿದ ಜಸ್ಟಿನಿಯನ್ ಚಕ್ರವರ್ತಿ ಕಾಲದ್ದೇ, 336 ಕಂಬಗಳು, ಒಂದೊಂದೂ 9 ಮೀಟರ್ ಎತ್ತರ. ಐದರ ಮೇಲೆ ತಂಪಾಗಿ ಚೆನ್ನಾಗಿರತ್ತೆ. ಮೂಲೇಲಿ ಎರಡು ಮೆಡೂಸಾ ತಲೆಗಳು, ಒಂದು ಅಡ್ಡ, ಒಂದು ತಲೆಕೆಳಗು. ಮ್ಯೂಸಿಯಂ ಪಾಸ್ ತಗೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಬೇಡ, ಅದು ಹಗಿಯಾ ಸೋಫಿಯಾಗೂ ಇದಕ್ಕೂ ನಡೆಯಲ್ಲ. ಟೋಪ್‌ಕಾಪಿ ಬಿಟ್ಟಿದ್ದು ಬೇಕಂತಲೇ, ಅದಕ್ಕೆ ಮೂರು ಗಂಟೆ ಬೇಕು. ಗ್ರ್ಯಾಂಡ್ ಬಜಾರ್ ಕೂಡ ಅಷ್ಟೇ.

ಈಗ ಸೇಫ್ಟಿ. ಹಗಲಲ್ಲಿ ಈ ದಾರೀಲಿ ದೈಹಿಕವಾಗಿ ಹೆದರೋ ಕಾರಣ ಇಲ್ಲ, ಆದ್ರೆ ಒಬ್ರೇ ಇರೋರನ್ನ ಮಾತಲ್ಲಿ ಕಟ್ಟಿ ಹಾಕೋರು ಸುಲ್ತಾನಹ್ಮೆತ್‌ನಲ್ಲಿ ಇದ್ದೇ ಇದಾರೆ. ಬಹಳ ಒಳ್ಳೇ ಇಂಗ್ಲಿಷಲ್ಲಿ, ಕೆಲವೊಮ್ಮೆ ಹಿಂದೀಲಿ, ಎಲ್ಲಿಂದ ಬಂದಿದೀರ, ಮಸೀದಿ ಈಗ ಮುಚ್ಚಿದೆ, ನಾನು ದಾರಿ ತೋರಿಸ್ತೀನಿ ಅಂತ ಶುರುವಾಗಿ ಅಣ್ಣನ ಕಾರ್ಪೆಟ್ ಅಂಗಡೀಲಿ ಮುಗಿಯತ್ತೆ. ಮುಚ್ಚಿದೆ ಅಂತ ಬೀದೀಲಿ ಸಿಕ್ಕಿದವರು ಹೇಳಿದ್ರೆ ನಂಬ್ಬೇಡಿ, ಬಾಗಿಲ ಹತ್ರ ಹೋಗಿ ಬೋರ್ಡ್ ನೋಡಿ. ನಿಲ್ಲದೇ, ಮುಖ ಗಂಟಿಕ್ಕದೇ, ಹಾಯಿರ್, ಅಂದ್ರೆ ಬೇಡ, ಅಂತ ಹೇಳಿ ನಡೀತಾ ಇರಿ, ಅದು ಅಲ್ಲಿ ಒರಟು ಅಂತ ಅನ್ಸಲ್ಲ. ಶೂ ಪಾಲಿಶ್ ಮಾಡೋನು ಮುಂದೆ ಹೋಗ್ತಾ ಬ್ರಶ್ ಬೀಳಿಸ್ತಾನೆ, ನೀವು ಎತ್ತಿಕೊಟ್ರೆ ಋಣ ತೀರಿಸ್ತೀನಿ ಅಂತ ನಿಮ್ಮ ಶೂ ಉಜ್ಜಿ ಆಮೇಲೆ ದುಡ್ಡು ಕೇಳ್ತಾನೆ, ಹೋಗ್ಲಿ ಬಿಡಿ ಬ್ರಶ್ಶು. ಇದನ್ನ ಓದ್ತಿರೋ ಗಂಡಸರು ಒಬ್ರೇ ಹೋಗೋದಿದ್ರೆ ತಕ್ಸಿಮ್ ಕಡೆ ಸಂಜೆ ಪರಿಚಯ ಮಾಡ್ಕೊಂಡು ಬಾರಿಗೆ ಕರೆಯೋರ ಜೊತೆ ಹೋಗ್ಲೇಬೇಡಿ, ಬಿಲ್ಲು ಬಂದಾಗ ಬಾಗಿಲಲ್ಲಿ ಇಬ್ರು ನಿಂತಿರ್ತಾರೆ. ಟ್ಯಾಕ್ಸಿ ಬೇಕೇ ಬೇಕಾದ್ರೆ ಆಪಲ್ಲಿ ಕರೀರಿ, ಮೀಟರ್ ಹಾಕಿದಾನಾ ನೋಡಿ, ನೋಟು ಕೊಡುವಾಗ ಎಷ್ಟು ಅಂತ ಬಾಯಲ್ಲಿ ಹೇಳಿ ಕೊಡಿ. ಎಟಿಎಂನಲ್ಲಿ ನಿಮ್ಮ ದೇಶದ ಕರೆನ್ಸೀಲಿ ಲೆಕ್ಕ ಹಾಕ್ಲಾ ಅಂತ ಕೇಳತ್ತೆ, ಬೇಡ, ಲಿರಾ ಅಂತಲೇ ಒತ್ತಿ. ಲಿರಾ ಬೆಲೆ ಎಷ್ಟು ಬೇಗ ಬೀಳ್ತಿದೆ ಅಂದ್ರೆ ಎರಡು ವರ್ಷ ಹಳೇ ವಿಡಿಯೋದಲ್ಲಿ ಹೇಳೋ ರೇಟು ಯಾವುದೂ ನಂಬೋ ಹಾಗಿಲ್ಲ. ತುರ್ತು ನಂಬರ್ ಎಲ್ಲಕ್ಕೂ 112, ಟೂರಿಸ್ಟ್ ಪೊಲೀಸ್ ಠಾಣೆ ಸಿಸ್ಟರ್ನ್ ಎದುರಿನ ಯೆರೆಬಾತಾನ್ ರಸ್ತೇಲೇ ಇದೆ, ಸಂಜೆ ಅಲ್ಲಿಗೆ ಹೋದಾಗ ಒಮ್ಮೆ ಕಣ್ಣು ಹಾಯಿಸಿಟ್ಕೊಳ್ಳಿ.

ಮನೆಯವರ ವಿಷ್ಯ. ಅವರ ಆತಂಕ ನಿಜವಾದ್ದೇ, ಅದನ್ನ ವಾದ ಮಾಡಿ ಗೆಲ್ಲೋಕಾಗಲ್ಲ. ಬರೆದು ಕೊಡಿ: ಒಂಬತ್ತಕ್ಕೆ ಸುಲೇಮಾನಿಯೆ, ಹನ್ನೆರಡಕ್ಕೆ ಕಡಿಕೊಯ್, ಮೂರಕ್ಕೆ ಸುಲ್ತಾನಹ್ಮೆತ್, ರಾತ್ರಿ ಒಂಬತ್ತಕ್ಕೆ ಏರ್‌ಪೋರ್ಟು, ಈ ನಾಲ್ಕು ಹೊತ್ತಲ್ಲಿ ಒಂದೊಂದು ಮೆಸೇಜ್ ಹಾಕ್ತೀನಿ, ಒಂದು ಗಂಟೆ ಲೇಟಾದ್ರೆ ಗಾಬರಿ ಆಗ್ಬೇಡಿ, ಎರಡು ಗಂಟೆ ಆದ್ರೆ ಫೋನ್ ಮಾಡಿ ಅಂತ. ಹೀಗೆ ಹೇಳಿದ್ರೆ ದಿನವಿಡೀ ಎಲ್ಲಿದೀಯ ಎಲ್ಲಿದೀಯ ಅಂತ ಫೋನ್ ಬರೋದೂ ತಪ್ಪತ್ತೆ. ಇ-ಸಿಮ್ ಹೊರಡೋಕೆ ಮುಂಚೇನೇ ಹಾಕ್ಕೊಂಡು, ಮ್ಯಾಪನ್ನ ಆಫ್‌ಲೈನ್ ಇಳಿಸ್ಕೊಂಡು ಹೋಗಿ.

ಇಷ್ಟೆಲ್ಲಾ ಓದಿದ್ಮೇಲೂ ಕೈಲಾಗಲ್ಲ ಅನ್ಸಿದ್ರೆ ಇನ್ನೊಂದು ದಾರಿ ಇದೆ. ಟರ್ಕಿಶ್ ಏರ್‌ಲೈನ್ಸಲ್ಲೇ ಬಂದು ಅದ್ರಲ್ಲೇ ಮುಂದೆ ಹೋಗೋರಿಗೆ, ನಡುವೆ 6ರಿಂದ 24 ಗಂಟೆ ಇದ್ರೆ, ಟೂರಿಸ್ತಾಂಬುಲ್ ಅಂತ ಫ್ರೀ ಗೈಡೆಡ್ ಟೂರ್ ಕೊಡ್ತಾರೆ. ಕೆಟ್ಟದ್ದಲ್ಲ. ಆದ್ರೆ ನಿಮ್ಮ ಪ್ರಶ್ನೇಲಿ ಊರು ನೋಡೋ ಆಸೆ ಅಂತ ಬರ್ದಿದೀರಲ್ಲ, ಅದು ಬಸ್ಸಿಂದ ಇಳಿದು ಹತ್ತೋದ್ರಲ್ಲಿ ಪೂರ್ತಿ ತೀರಲ್ಲ ಅಂತ ನನಗನ್ಸತ್ತೆ.

ವಾಪಸ್ ಬರೋದು ಮೇ ತಿಂಗಳಲ್ಲಿ ಕತ್ತಲಾಗೋಕೆ ಮುಂಚೆ, ಸೂರ್ಯ ಮುಳುಗೋದು ಎಂಟರ ಮೇಲೆ, ನೀವು ಏಳಕ್ಕೇ ಹೊರಡಿ. ಸುಲ್ತಾನಹ್ಮೆತ್‌ನಿಂದ ಟಿ1 ಟ್ರಾಮಲ್ಲಿ ಲಾಲೆಲಿ, ಎರಡು ಹೆಜ್ಜೆ ನಡೆದು ವೆಜ್ನೆಜಿಲೆರ್, ಬಂದ ದಾರೀಲೇ ಎಂ2, ಎಂ11. ಶುಕ್ರವಾರ ಸಂಜೆ ರಸ್ತೆ ಮೇಲೆ ಬಸ್ಸು ಟ್ಯಾಕ್ಸಿ ಎರಡೂ ನಂಬ್ಬೇಡಿ, ಟ್ರಾಫಿಕ್ ಅಷ್ಟು ಕೆಟ್ಟದಾಗಿರತ್ತೆ. ಏರ್‌ಪೋರ್ಟ್ ಒಳಗೇ ಮಲಗೋಕೆ ಹೋಟೆಲ್ ಇದೆ, ಮುಂಚೇನೇ ಬುಕ್ ಮಾಡ್ಕೊಂಡ್ರೆ ಬೆಳಗಿನ ಜಾವದ ವಿಮಾನಕ್ಕೆ ನಾಲ್ಕು ಗಂಟೆ ನಿದ್ದೆ ಆದ್ರೂ ಸಿಗತ್ತೆ.

ನಿಮ್ಮ ವಿಮಾನ ಲೇಟಾಗಿ ಬಂದ್ರೆ ಏನು ಕೈಬಿಡೋದು ಅನ್ನೋದೂ ಈಗ್ಲೇ ತೀರ್ಮಾನ ಮಾಡ್ಕೊಳ್ಳಿ, ಸುಸ್ತಾದ ತಲೇಲಿ ಅಲ್ಲಿ ಯೋಚ್ನೆ ಮಾಡೋಕಾಗಲ್ಲ. ಒಂದು ಗಂಟೆ ಲೇಟಾದ್ರೆ ಮೋದಾ ಬಿಡಿ. ಎರಡು ಗಂಟೆ ಆದ್ರೆ ಸಿಸ್ಟರ್ನ್ ಬಿಡಿ. ನಾಲ್ಕು ಗಂಟೆ ಆದ್ರೆ ಸುಲೇಮಾನಿಯೆ, ಬ್ಲೂ ಮಾಸ್ಕ್ ಎರಡೂ ಬಿಟ್ಟು ಸೀದಾ ಎಮಿನೋನುಗೆ ಬಂದು, ಕಡಿಕೊಯ್ ಹಡಗಲ್ಲಿ ಹೋಗಿ ಊಟ ಮಾಡಿ ಬಂದು ಹಗಿಯಾ ಸೋಫಿಯಾ ಒಂದನ್ನೇ ನೋಡಿ. ದಿನವಿಡೀ ಮಳೆ ಬಂದ್ರೂ ಇದೇ ಪ್ಲಾನ್, ಹಡಗಿನ ಒಳಗೂ ಕಿಟಕಿ ಪಕ್ಕ ಸೀಟ್ ಇರತ್ತೆ.